ಸೇವ್ ಮಾಡಿದ್ದ ಆಟ ಎಲ್ಲಿ ಹೋಯ್ತು?

ಪ್ರಶ್ನೆ: ಅಣ್ಣಾ, ಮೊಬೈಲ್‌ಗೆ ಹಳೇ ಟಿವಿ ಗೇಮ್ ಆಡಿಸೋ ರೆಟ್ರೋಆರ್ಚ್ ಆ್ಯಪ್ ಹಾಕ್ಕೊಂಡು ಸೂಪರ್ ಮಾರಿಯೋ ವರ್ಲ್ಡ್ ಆಡ್ತಿದ್ದೀನಿ. ಕೋಟೆ ಗೆದ್ದಾಗೆಲ್ಲ ಆಟವೇ ಕೇಳುತ್ತೆ, ಅಲ್ಲೇ ಸೇವ್ ಮಾಡಿದ್ದೆ. 60 ಎಕ್ಸಿಟ್ (ಲೆವೆಲ್ ಮುಗಿಸೋ ದಾರಿ) ಆಗಿತ್ತು. ಮೊನ್ನೆ ಸುಮ್ನೆ 'ಲೋಡ್ ಸ್ಟೇಟ್' ಒತ್ತಿದೆ, ಯಾವುದೋ ಹಳೇ ಜಾಗಕ್ಕೆ ಹೋಯ್ತು. ಹೋಗ್ಲಿ ಅಂತ ಬಂದ್ ಮಾಡಿ ಮತ್ತೆ ತೆರೆದರೆ ಆಟದ ಸೇವ್ ಪಟ್ಟಿಯಲ್ಲಿ ಮಾರಿಯೋ ಎ ಮುಂದೆ 24 ಅಂತ ಇದೆ! ಆಟದ ಒಳಗೇ ಮಾಡಿದ್ದ ಸೇವ್ ಹೆಂಗೆ ಹೋಯ್ತು?
— ಪಿಯುಸಿ ವಿದ್ಯಾರ್ಥಿ, ಬೀದರ್

ಉತ್ತರ: ತಮ್ಮಾ, ನೀನು ಎರಡು ಬೇರೆ ಬೇರೆ ಸೇವ್ ಬಳಸಿದ್ದೀಯ, ಒಂದು ಇನ್ನೊಂದನ್ನು ಅಳಿಸಿದೆ. 1990ರಲ್ಲಿ ಈ ಆಟ ಬಂದಾಗ ಕಾರ್ಟ್ರಿಜ್ (ಆಟ ಇರೋ ಕ್ಯಾಸೆಟ್) ಒಳಗೆ ಬರೀ 2 ಕಿಲೋಬೈಟ್‌ನ ಒಂದು ಮೆಮೊರಿ ಚಿಪ್ ಇತ್ತು, ಜೊತೆಗೆ ನಾಣ್ಯದಂಥ ಒಂದು ಬ್ಯಾಟರಿ. ಗೇಮ್ ಯಂತ್ರ ಆರಿಸಿದರೂ ಆ ಬ್ಯಾಟರಿ ಚಿಪ್ಪನ್ನು ಜೀವಂತ ಇಡ್ತಿತ್ತು. ಎಮ್ಯುಲೇಟರ್ (ಹಳೇ ಗೇಮ್ ಯಂತ್ರವನ್ನು ನಕಲು ಮಾಡೋ ರೆಟ್ರೋಆರ್ಚ್‌ನಂಥ ಸಾಫ್ಟ್‌ವೇರ್) ಅದೇ ಚಿಪ್ಪಿನಲ್ಲಿರೋದನ್ನು 'ಎಸ್‌ಆರ್‌ಎಂ' ಅನ್ನೋ ಫೈಲ್ ಆಗಿ ಬರೆದಿಡುತ್ತೆ. ಆಟದ ಒಳಗಿನ ಸೇವ್ ಅಂದರೆ ಇದು.

ಸೇವ್ ಸ್ಟೇಟ್ ಹಾಗಲ್ಲ. ಅದು ಆ ಕ್ಷಣದಲ್ಲಿ ಇಡೀ ಯಂತ್ರ ಹೇಗಿತ್ತೋ ಹಾಗೇ ತೆಗೆದ ಫೋಟೊ. ಮಾರಿಯೋ ಗಾಳಿಯಲ್ಲಿ ಜಿಗಿದಿದ್ದರೆ ಅದೂ ಬರುತ್ತೆ, ಚಿಪ್ಪಿನಲ್ಲಿ ಏನಿತ್ತೋ ಅದೂ ಬರುತ್ತೆ. ನೀನು 24 ಎಕ್ಸಿಟ್ ಇದ್ದಾಗಿನ ಸ್ಟೇಟ್ ಲೋಡ್ ಮಾಡಿದ ತಕ್ಷಣ ಚಿಪ್ಪು ಕೂಡ 24ಕ್ಕೆ ಹೋಯ್ತು. ಬಂದ್ ಮಾಡುವಾಗ ರೆಟ್ರೋಆರ್ಚ್ ಅದನ್ನೇ ಫೈಲ್‌ಗೆ ಬರೆದುಬಿಟ್ಟಿತು. 60 ಇದ್ದ ಫೈಲ್ ಅಲ್ಲಿಗೆ ಮುಗೀತು.

ಅಲ್ಲೇ, ಬಂದ್ ಮಾಡೋ ಮೊದಲು ಮೆನುವಿನಲ್ಲಿ 'ಅನ್‌ಡೂ ಲೋಡ್ ಸ್ಟೇಟ್' ಒತ್ತಿದ್ದರೆ ಎಲ್ಲಾ ವಾಪಸ್ ಬರ್ತಿತ್ತು. ಈಗ ಉಳಿದಿರೋ ದಾರಿ ಒಂದೇ, ಸ್ಟೇಟ್ ಇಡೋ ಬೇರೆ ಸ್ಲಾಟ್‌ಗಳಲ್ಲಿ ಹೊಸ ಸ್ಟೇಟ್ ಏನಾದರೂ ಇದೆಯಾ ಒಂದೊಂದೇ ತೆಗೆದು ನೋಡು, ಸಿಕ್ಕರೆ ಲೋಡ್ ಮಾಡಿ ಮುಂದಿನ ಕೋಟೆ ಗೆದ್ದು ಆಟದ ಒಳಗೇ ಸೇವ್ ಮಾಡ್ಕೊ. ಇನ್ನು ಮುಂದೆ ಆಟ ತೆರೆದಾಗ ಮೊದಲು ಆಟದ ಫೈಲ್‌ನಿಂದಲೇ ಶುರು ಮಾಡು. ಸ್ಟೇಟ್ ಇರೋದು ಊಟಕ್ಕೆ ಕರೆದಾಗ ಎದ್ದು ಹೋಗೋಕೆ, ತಿಂಗಳುಗಟ್ಟಲೆ ಆಡಿದ್ದನ್ನು ಅದರ ಮೇಲೇ ಬಿಡಬೇಡ. ಸೆಟ್ಟಿಂಗ್ಸ್‌ನ 'ಸೇವಿಂಗ್' ಒಳಗೆ ಸ್ಟೇಟ್ ಲೋಡ್ ಮಾಡುವಾಗ ಸೇವ್ ರ‍್ಯಾಮ್ (ಅಂದರೆ ಆ ಚಿಪ್ಪಿನ) ಮೇಲೆ ಬರೆಯಬೇಡ ಅನ್ನೋ ಆಯ್ಕೆಯೂ ಇದೆ. ಆದರೆ ಅದರಿಂದ ಕೆಲವು ಆಟ ಎಡವಟ್ಟು ಮಾಡುತ್ತವೆ. ಅದಕ್ಕಿಂತ ಪ್ರತಿ ಸಲ ಸ್ಟೇಟ್ ಸೇವ್ ಮಾಡಿದಾಗ ಹೊಸ ಸ್ಲಾಟ್‌ಗೆ ಹೋಗೋ ಆಯ್ಕೆ ಆನ್ ಮಾಡ್ಕೊ, ಹಳೆಯದು ಅಳಿಯಲ್ಲ.

ಪ್ರಶ್ನೆ: ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತು ಆಡ್ತೀನ್ರೀ. ಬೇಸಿಗೆ ಬಂದರೆ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಸೇವ್ ಮಾಡಿದ್ದರೂ ಕರೆಂಟ್ ಹೋಗಿ ಬಂದ ಮೇಲೆ ಇರೋದೇ ಇಲ್ಲ.
— ಓದುಗರು, ಕಲಬುರಗಿ

ಉತ್ತರ: ನೀವು ಆಟದ ಒಳಗೆ ಸೇವ್ ಮಾಡಿದ್ದು ಆ ಹೊತ್ತಿಗೆ ಕಂಪ್ಯೂಟರಿನ ಮೆಮೊರಿಯಲ್ಲಿ ಮಾತ್ರ ಇರುತ್ತೆ ರೀ. ಆಟ ಸರಿಯಾಗಿ ಬಂದ್ ಮಾಡಿದಾಗಲೇ ಡಿಸ್ಕ್‌ಗೆ ಹೋಗುತ್ತೆ. ರೆಟ್ರೋಆರ್ಚ್ ಆದರೆ 'ಸೇವಿಂಗ್' ಒಳಗೆ 'ಸೇವ್ ರ‍್ಯಾಮ್ ಆಟೋಸೇವ್ ಇಂಟರ್ವಲ್' ಇದೆ. ಅದು ಆಫ್ ಇದ್ದರೆ 10 ಸೆಕೆಂಡ್ ಅಂತ ಇಡಿ, ಆಮೇಲೆ ಕರೆಂಟ್ ಹೋದರೂ ಕೊನೆಯ 10 ಸೆಕೆಂಡಿನಲ್ಲಿ ಮಾಡಿದ ಸೇವ್ ಮಾತ್ರ ಹೋಗಬಹುದು. ಮೊಬೈಲ್‌ನಲ್ಲಿ ಆಡೋರೂ ಇದನ್ನು ಮಾಡಬೇಕು. ಫೋನ್ ಬಂದಾಗ ಆಟ ಹಿಂದೆ ಹೋಗಿ ಆಂಡ್ರಾಯ್ಡ್ ಅದನ್ನು ಮುಚ್ಚಿಬಿಟ್ಟರೆ ಇದೇ ಗತಿ.

ಪ್ರಶ್ನೆ: ನಾವು ಸಣ್ಣವರಿದ್ದಾಗ ಟಿವಿ ಗೇಮ್‌ನಲ್ಲಿ ಕಾಂಟ್ರಾ ಆಡ್ತಿದ್ವಿ, ಸೇವ್ ಅನ್ನೋದೇ ಇರಲಿಲ್ಲ. ಈಗ ಮಗಳಿಗೆ ಆಡಿಸಬೇಕು. ಸ್ಟೇಜ್‌ಗೊಮ್ಮೆ ಸೇವ್ ಮಾಡಿದರೆ ಮೋಸ ಅಲ್ವಾ? ಹೊಸ ಫೋನ್‌ಗೆ ಅದನ್ನು ಒಯ್ಯಬಹುದಾ?
— ತಾಯಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಮೋಸ ಏನಿಲ್ಲಕ್ಕಾ. ಆ ಆಟದಲ್ಲಿ 8 ಸ್ಟೇಜ್ ಇವೆ, ಮಗು ಒಂದೇ ಸಲ ಕೂತು ಮುಗಿಸಲಿ ಅನ್ನೋದು ಜಾಸ್ತಿ ಆಯ್ತು. 30 ಲೈಫ್ ಕೊಡೋ ಬಟನ್ ಕೋಡನ್ನು ಆಟ ಮಾಡಿದವರೇ ಒಳಗೆ ಇಟ್ಟಿದ್ದರು, ನಮ್ಮಲ್ಲಿ ಅದನ್ನು ಒತ್ತದೇ ಆಡಿದವರು ಕಡಿಮೆ! ಇದರಲ್ಲಿ ಬ್ಯಾಟರಿ ಸೇವ್ ಇಲ್ಲದಿರೋದರಿಂದ ಸ್ಟೇಟ್ ಒಂದೇ ದಾರಿ, ಧಾರಾಳವಾಗಿ ಬಳಸಿ.

ಹೊಸ ಫೋನ್‌ಗೆ 'ಸೇವ್ಸ್', 'ಸ್ಟೇಟ್ಸ್' ಎರಡೂ ಫೋಲ್ಡರ್ ಕಾಪಿ ಮಾಡಿ. ಹಳೇ ಫೋನ್‌ನಲ್ಲಿ ಆ್ಯಪ್ ತೆಗೆಯೋದು ಆಮೇಲೆ, ಕೆಲವು ಫೋನ್‌ಗಳಲ್ಲಿ ಆ್ಯಪ್ ಜೊತೆ ಫೋಲ್ಡರೂ ಹೋಗುತ್ತೆ. ಸ್ಟೇಟ್ ತೆರೆಯೋಕೆ ಅದೇ ಕೋರ್ (ರೆಟ್ರೋಆರ್ಚ್ ಒಳಗೆ ಆ ಆಟದ ಯಂತ್ರವನ್ನು ನಕಲು ಮಾಡೋ ಭಾಗ) ಬೇಕು, ಬೇರೆ ಕೋರ್ ಹಾಕಿದರೆ ತೆರೆಯಲ್ಲ. ಆಟದ ಫೈಲಿನ ಹೆಸರನ್ನೂ ಬದಲಿಸಬೇಡಿ. ಹೆಸರು ಒಂದಕ್ಷರ ಬೇರೆಯಾದರೂ ಎಮ್ಯುಲೇಟರ್ ಸೇವ್ ಹುಡುಕಿಕೊಳ್ಳಲ್ಲ, ಮೊದಲನೇ ಸ್ಟೇಜ್‌ನಿಂದ ಶುರು ಮಾಡುತ್ತೆ.