ಪುಟ್ಟ ಬಸವನಹುಳುವಿನ ಪಳೆಯುಳಿಕೆಯಿಂದ ಬಂಡೆಯ ವಯಸ್ಸು ತಿಳಿಯುವುದು ಹೇಗೆ? ಚಿತ್ರದುರ್ಗದ ಬಂಡೆಗೂ ಇದು ನಡೆಯುತ್ತದಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ಕೋಟೆಯ ಗ್ರಾನೈಟ್ ಆಗಲಿ, ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಆಗಲಿ, ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯವು. ಆಗ ಚಿಪ್ಪಿನ ಪ್ರಾಣಿಗಳೇ ಹುಟ್ಟಿರಲಿಲ್ಲ. ಅದೂ ಅಲ್ಲದೆ ಗ್ರಾನೈಟ್‌ನಲ್ಲಿ ಪಳೆಯುಳಿಕೆ ಹುಡುಕುವುದು ಸುಮ್ನೆ ಶ್ರಮ.

ಈ ವಿಧಾನ ನಡೆಯುವುದು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಲ್ಲುಗಳಲ್ಲಿ. ಆಲ್ಡನೆಲ್ಲಾ ಎಂಬ ಸುರುಳಿ ಚಿಪ್ಪನ್ನೇ ನೋಡಿ. ಗಾತ್ರ ಕೆಲವೇ ಮಿಲಿಮೀಟರ್, ಕಾಲ ಕೇಂಬ್ರಿಯನ್ ಯುಗದ ಆರಂಭ, ಸುಮಾರು 53 ಕೋಟಿ ವರ್ಷ ಹಿಂದೆ. ಸೈಬೀರಿಯಾ, ಚೀನಾ, ಕೆನಡಾದ ನ್ಯೂಫೌಂಡ್‌ಲೆಂಡ್, ಎಲ್ಲ ಕಡೆ ಸಿಕ್ಕಿದೆ. ಒಂದು ಜಾತಿ ಹುಟ್ಟಿ, ಹರಡಿ, ಅಳಿಯುತ್ತದೆ, ಮತ್ತೆ ಬರುವುದಿಲ್ಲ. ಹಾಗಾಗಿ ಅದೇ ಜಾತಿ ಇರುವ ಪದರಗಳು ಹೆಚ್ಚುಕಡಿಮೆ ಒಂದೇ ಕಾಲದವು.

ಚಿಕ್ಕದೇ ಯಾಕೆ? ಮುಷ್ಟಿಯಷ್ಟು ಕಲ್ಲಿನಲ್ಲೂ ಜಾಸ್ತಿ ಸಿಗಬಹುದು. ಸುಣ್ಣಕಲ್ಲನ್ನು ವಿನೆಗರ್‌ನಲ್ಲಿರುವಂಥ ಅಸಿಟಿಕ್ ಆಮ್ಲದಲ್ಲಿ ನಿಧಾನವಾಗಿ ಕರಗಿಸುತ್ತಾರೆ. ಚಿಪ್ಪಿನೊಳಗೆ ತುಂಬಿದ್ದ ಫಾಸ್ಫೇಟ್ ಅಚ್ಚು ಕರಗದೆ ಉಳಿಯುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸುತ್ತಾರೆ.

ಆದರೆ ಚಿಪ್ಪು ಹೇಳುವುದು ಯಾವುದು ಮೊದಲು, ಯಾವುದು ಆಮೇಲೆ ಅಂತ ಮಾತ್ರ. ವರ್ಷದ ಲೆಕ್ಕ ಬರುವುದು ಹತ್ತಿರದ ಜ್ವಾಲಾಮುಖಿ ಬೂದಿ ಪದರದ ಜಿರ್ಕಾನ್ ಹರಳಿನಿಂದ; ಅದರಲ್ಲಿನ ಯುರೇನಿಯಂ ಸೀಸವಾಗಿರುವ ಪ್ರಮಾಣ ಅಳೆಯುತ್ತಾರೆ. ಚಿತ್ರದುರ್ಗದ ಗ್ರಾನೈಟ್‌ಗೂ ಇದೇ ದಾರಿ, ಅಲ್ಲಿ ಜಿರ್ಕಾನ್ ಗ್ರಾನೈಟ್‌ನೊಳಗೇ ಸಿಗುತ್ತದೆ.

ಅಂದಹಾಗೆ, ಆಲ್ಡನೆಲ್ಲಾ ನಿಜಕ್ಕೂ ಬಸವನಹುಳುವೇ ಅಂತ ಎಲ್ಲರೂ ಒಪ್ಪುವುದಿಲ್ಲ. ಪದರ ಹೊಂದಿಸುವವರಿಗೆ ಅದರಿಂದ ತೊಂದರೆಯೇನೂ ಇಲ್ಲ.