ಫ್ರೀಜರಿನ ಬಟಾಣಿಯಲ್ಲಿ ಸತ್ವ ಇಲ್ಲವೇ?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಕಡೆ ತರಕಾರಿ ಬಾಡಿಯೇ ಬರುತ್ತದೆ. ಮಗ ಫ್ರೋಜನ್ ಬಟಾಣಿ, ಡಬ್ಬಿ ಅನಾನಸ್ ತರುತ್ತಾನೆ. ಅದರಲ್ಲಿ ಸತ್ವವೇ ಇಲ್ಲ ಅಂತಾರೆ ಅತ್ತೆ. ಕಣಿಲೆಯನ್ನೂ (ಎಳೆ ಬಿದಿರಿನ ಮೊಳಕೆ) ಫ್ರೀಜರಿನಲ್ಲಿ ಇಡಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಬಟಾಣಿ ವಿಷಯದಲ್ಲಿ ನಾನು ನಿಮ್ಮ ಮಗನ ಪರ. ಕೊಯ್ದ ಸ್ವಲ್ಪ ಹೊತ್ತಿನಲ್ಲೇ ಅದನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು ಹೆಪ್ಪುಗಟ್ಟಿಸುತ್ತಾರೆ. ಆಗ ಒಂದಿಷ್ಟು ಸಿ ಜೀವಸತ್ವ ಹೋಗುತ್ತದೆ, ನಿಜ. ಆದರೆ ಮೈನಸ್ 18 ಡಿಗ್ರಿಯಲ್ಲಿ ಆಮೇಲಿನ ನಷ್ಟ ಬಹಳ ನಿಧಾನ. ಲಾರಿಯಲ್ಲಿ ಘಟ್ಟ ಹತ್ತಿ, ಸಂತೆಯಲ್ಲಿ ಬಿದ್ದಿದ್ದು, ನಿಮ್ಮ ಬುಟ್ಟಿಯಲ್ಲೂ ದಿನ ಕಳೆದ ಹಸಿ ಬಟಾಣಿ ಅದಕ್ಕಿಂತ ಹೆಚ್ಚು ಕಳೆದುಕೊಂಡಿರಬಹುದು.

ನನ್ನ ಚಿಂತೆ ಕರೆಂಟಿನದು. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ನಮ್ಮಲ್ಲಿ ದಿನಗಟ್ಟಲೆ ಕತ್ತಲೆ. ಅಂಗಡಿಯಲ್ಲೇ ಪ್ಯಾಕೆಟ್ ಅಲುಗಿಸಿ ನೋಡಿ: ಕಾಳು ಬಿಡಿಬಿಡಿಯಾಗಿ ಉರುಳಬೇಕು. ಒಂದೇ ಗಡ್ಡೆಯಾಗಿದ್ದರೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರುವ ಸಂಭವ ಹೆಚ್ಚು; ಬೇಡ.

ಅನಾನಸ್ ವಿಷಯದಲ್ಲಿ ಅತ್ತೆಯವರ ಮಾತು ಕೇಳಿ. ಹಣ್ಣು ಮುಳುಗಿರುವುದು ಸಕ್ಕರೆ ಪಾಕದಲ್ಲಿ. ಊರಲ್ಲೇ ಬೆಳೆಯುವ ಹಣ್ಣನ್ನು ಬಿಟ್ಟು ಅದೇಕೆ? ಡಬ್ಬಿ ಮೀನು, ಕಡಲೆಕಾಳು ಪರವಾಗಿಲ್ಲ, ಉಪ್ಪು ಜಾಸ್ತಿ ಇರುತ್ತದೆ, ಕಾಳನ್ನು ತೊಳೆದು ಬಳಸಿ. ಉಬ್ಬಿದ ಡಬ್ಬಿಯನ್ನು ರುಚಿ ಕೂಡ ನೋಡದೆ ಎಸೆಯಿರಿ.

ಕಣಿಲೆ ಖಂಡಿತ ಇಡಬಹುದು, ಆದರೆ ಹಸಿಯಾಗಿ ಅಲ್ಲ. ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ. ಫ್ರೀಜರಿನ ಚಳಿಯನ್ನು ನಂಬಿ ಕೂರಬೇಡಿ. ತೆಳ್ಳಗೆ ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಿ, ಆ ನೀರು ಚೆಲ್ಲಿ. ಆರಿದ ಮೇಲೆ ಒಂದೊಂದು ಸಾರಿಗೆ ಬೇಕಾದಷ್ಟನ್ನು ಬೇರೆಬೇರೆ ಕಟ್ಟಿಡಿ.