ಹನ್ನೆರಡು ಗಂಡುಮಕ್ಕಳ ಮನೆ

ಪ್ರಶ್ನೆ: ದಕ್ಷಿಣ ಇಟಲಿಯನ್ನು ಆಳಿದ ರಾಬರ್ಟ್ ಗಿಸ್ಕಾರ್ ನಾರ್ಮನ್ ಎಂದು ಓದಿದೆ. ನಾರ್ಮಂಡಿ ಇರುವುದು ಫ್ರಾನ್ಸಿನಲ್ಲಿ ಅಲ್ವಾ? ಅವನು ಇಟಲಿಗೆ ಯಾಕೆ ಹೋದ? ಅವನ ವಂಶ ಮುಂದೆ ಏನಾಯಿತು, ಸರ್?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಊರಲ್ಲಿ ಜಮೀನು ಸಾಲಲಿಲ್ಲ, ಅದಕ್ಕೇ ಹೋದ. ಅವನ ಅಪ್ಪ ಟ್ಯಾಂಕ್ರೆಡ್ ನಾರ್ಮಂಡಿಯ ಓಟ್‌ವಿಲ್ ಎಂಬ ಹಳ್ಳಿಯ ಸಣ್ಣ ಪಾಳೇಗಾರ. ಮೊದಲ ಹೆಂಡತಿಗೆ ಐದು ಗಂಡುಮಕ್ಕಳು, ಎರಡನೆಯವಳಿಗೆ ಏಳು. ಹೆಣ್ಣುಮಕ್ಕಳು ಬೇರೆ. ಇರುವ ಹೊಲವನ್ನು ಹನ್ನೆರಡು ಪಾಲು ಮಾಡಿದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಹಿರಿಯರಾದ ವಿಲಿಯಂ, ಡ್ರೋಗೊ ಕತ್ತಿ ಹಿಡಿದು ಇಟಲಿಗೆ ಕೂಲಿ ಸೈನಿಕರಾಗಿ ಹೋದರು. 1042ರಲ್ಲಿ ವಿಲಿಯಂ ಅಲ್ಲಿಯ ನಾರ್ಮನ್ನರ ನಾಯಕನೇ ಆದ.

ರಾಬರ್ಟ್ ಎರಡನೆಯ ಹೆಂಡತಿಯ ಹಿರಿಯ ಮಗ. ಅವನು 1047ರ ಸುಮಾರಿಗೆ ಹೋದಾಗ ಜೊತೆಗಿದ್ದದ್ದು ಐದು ಕುದುರೆ ಸವಾರರು, ಮೂವತ್ತು ಕಾಲಾಳುಗಳು ಎಂದು ಬೈಜಾಂಟಿಯಂನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ರಾಜಕುಮಾರಿ ಅನ್ನಾ ಕೊಮ್ನೆನಾ ಬರೆದಿದ್ದಾಳೆ. ಅಣ್ಣ ಡ್ರೋಗೊ ಕೊಟ್ಟದ್ದು ಕಲಾಬ್ರಿಯಾದ ಒಂದು ಗಡಿಕೋಟೆ, ಅದೂ ಜ್ವರದ ಸೀಮೆಯಲ್ಲಿ. ದನ ಕದ್ದು, ಊರು ದೋಚಿ ಹೊಟ್ಟೆ ಹೊರೆಯಬೇಕಾಯಿತು. ಗಿಸ್ಕಾರ್ ಎಂದರೆ ಚಾಲಾಕಿ.

ಅವನ ಕೈ ಹಿಡಿದವಳು ಅಲ್ಬೆರಾಡಾ. ಈ ಹೆಸರನ್ನು ದಯವಿಟ್ಟು ನೆನಪಿಡಿ. ಅವಳನ್ನು ಮದುವೆಯಾದರೆ ಇನ್ನೂರು ಸವಾರರನ್ನು ಕೊಡುತ್ತೇನೆ ಎಂದು ಅವಳ ಬಂಧು ಮಾತು ಕೊಟ್ಟಿದ್ದ. ರಾಬರ್ಟ್ ಮೇಲೆದ್ದದ್ದು ಆ ಬಲದಿಂದ. ಆದರೆ 1058ರಲ್ಲಿ ಸಲೆರ್ನೊದ ರಾಜಕುಮಾರಿ ಸಿಕೆಲ್‌ಗೈಟಾಳ ಸಂಬಂಧ ಕೂಡಿಬಂತು. ಆಗ ಅಲ್ಬೆರಾಡಾಳ ಜೊತೆಗಿನ ಮದುವೆ ರಕ್ತಸಂಬಂಧದಲ್ಲಿ ಆದದ್ದು, ಸಲ್ಲದು ಎಂದು ಬಿಡಿಸಿದರು. ನಮ್ಮಲ್ಲಿ ಸೋದರಮಾವನ ಮಗಳನ್ನು ತರುತ್ತೇವೆ. ಅಲ್ಲಿ ಚರ್ಚಿನ ನಿಯಮಕ್ಕೆ ದೂರದ ನೆಂಟಸ್ತಿಕೆಯೂ ಅಡ್ಡಿ. ಅವಳ ಮಗ ಬೊಹೆಮಂಡ್ ಆಗ ಇನ್ನೂ ಚಿಕ್ಕವನು.

ಮರುವರ್ಷವೇ ಪೋಪ್ ಎರಡನೇ ನಿಕೊಲಸ್ ರಾಬರ್ಟನನ್ನು ಡ್ಯೂಕ್ ಮಾಡಿದ. 1071ರಲ್ಲಿ ದಕ್ಷಿಣ ಇಟಲಿಯ ಬಾರಿ ಪಟ್ಟಣ, 1072ರಲ್ಲಿ ಸಿಸಿಲಿ ದ್ವೀಪದ ಪಲೆರ್ಮೊ ಅವನ ಕೈಗೆ ಬಂದವು. 1085ರಲ್ಲಿ ಬೈಜಾಂಟಿಯಂ ಮೇಲೆ ದಂಡೆತ್ತಿ ಹೋದಾಗ ಕೆಫಲೋನಿಯಾ ದ್ವೀಪದಲ್ಲಿ ತೀರಿಕೊಂಡ. ಪಟ್ಟ ಸಿಕ್ಕಿದ್ದು ಸಿಕೆಲ್‌ಗೈಟಾಳ ಮಗ ರೋಜರ್ ಬೋರ್ಸಾನಿಗೆ.

ಬೊಹೆಮಂಡ್ ತಮ್ಮನ ಮೇಲೆ ಕಾದಾಡಿ ಒಂದಿಷ್ಟು ನೆಲ ಕಿತ್ತುಕೊಂಡ. ಆಮೇಲೆ ಜೆರುಸಲೇಮಿಗಾಗಿ ಕ್ರೈಸ್ತರು ಹೂಡಿದ ಮೊದಲ ಧರ್ಮಯುದ್ಧಕ್ಕೆ (ಕ್ರುಸೇಡ್) ಹೋಗಿ 1098ರಲ್ಲಿ ಆಂಟಿಯೋಕ್ ನಗರ ಗೆದ್ದು ಅಲ್ಲಿಯ ಒಡೆಯನಾದ. ಅಪ್ಪ ಕೊಡದ್ದನ್ನು ಅಷ್ಟು ದೂರ ಹೋಗಿ ಗಳಿಸಿದ. ನನಗೆ ಅವನ ಮೇಲೆ ಜಾಸ್ತಿ ಪ್ರೀತಿ.

ಕಿರೀಟ ಬಂದದ್ದು ರಾಬರ್ಟನ ಕಿರಿಯ ತಮ್ಮ ರೋಜರನ ಮನೆಗೆ. ಆ ರೋಜರನ ಮಗ ಎರಡನೇ ರೋಜರ್ 1130ರ ಕ್ರಿಸ್ಮಸ್ ದಿನ ಸಿಸಿಲಿಯ ಮೊದಲ ರಾಜನಾದ. ಅವನ ಮಗಳು ಕಾನ್‌ಸ್ಟನ್ಸ್. ಅವಳ ಮಗನೇ ಚಕ್ರವರ್ತಿ ಎರಡನೇ ಫ್ರೆಡರಿಕ್.

ಹೈಸ್ಕೂಲಿನಲ್ಲಿ ಪಾಠ ಮಾಡುವಾಗ ಈ ವಂಶವೃಕ್ಷವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಗಂಡಸರ ಹೆಸರಿಗೇ ಜಾಗ ಮುಗಿದು, ಅಲ್ಬೆರಾಡಾ ಮೂಲೆಗೆ ಸರಿಯುತ್ತಿದ್ದಳು. ಅದು ನನ್ನ ತಪ್ಪು. ವೆನೋಸಾ ಊರಿನ ಚರ್ಚಿನಲ್ಲಿ ರಾಬರ್ಟನ ಮೂಳೆಗಳು ಅಣ್ಣತಮ್ಮಂದಿರ ಜೊತೆ ಒಂದೇ ಗೋರಿಯಲ್ಲಿ ಸೇರಿಹೋಗಿವೆ. ಅಲ್ಬೆರಾಡಾಳದು ಅಲ್ಲೇ ಬೇರೆ ಗೋರಿ. ಅದರ ಮೇಲೆ ಲ್ಯಾಟಿನ್‌ನಲ್ಲಿ ಎರಡು ಸಾಲು ಕೆತ್ತಿದ್ದಾರೆ: ಗಿಸ್ಕಾರನ ಹೆಂಡತಿ ಅಲ್ಬೆರಾಡಾ ಇಲ್ಲಿದ್ದಾಳೆ, ಮಗನನ್ನು ಹುಡುಕುವುದಾದರೆ, ಅವನು ಕನೋಸಾದಲ್ಲಿದ್ದಾನೆ.